ಬಸ್ಸಿನಷ್ಟು ಜಾಗ ಬಿಡಿ ಸಾರ್

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಮುಂದಿನ ಗಾಡಿಗೂ ತನಗೂ ಮಧ್ಯೆ ಜಾಗ ಬಿಟ್ಟು ಅಭ್ಯಾಸ ಇರುವುದಿಲ್ಲ. ಬಿಟ್ಟರೆ ಅಲ್ಲಿಗೊಂದು ಆಟೋ ನುಗ್ಗುತ್ತದೆ, ಆಟೋ ಹಿಂದೆ ಎರಡು ಸ್ಕೂಟರ್, ಉಳಿದ ಸಂದಿಯಲ್ಲಿ ಊಟದ ಪಾರ್ಸಲ್ ತರುವ ಹುಡುಗ. ಇಂಥ ನಾನು ಗೋವಾದ ಐರನ್‌ಮ್ಯಾನ್ 70.3 ರೇಸಿಗೆ ಹೆಸರು ಕೊಟ್ಟೆ. 70.3 ಅಂದರೆ ಒಟ್ಟು ದೂರ, ಮೈಲಿಯಲ್ಲಿ. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಎಲ್ಲ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು.

ನಮ್ಮ ಮನೆಯಲ್ಲಿ ಈ ರೇಸಿನ ಹೆಸರು ಮೊದಲು ಕೇಳಿಬಂದದ್ದು 2024ರಲ್ಲಿ, ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದಾಗ. "ಅವರೇನೋ ಮಾಡಿದ್ರು, ನಿನಗೇನು ಬಂದಿದೆ?" ಅಂದಳು ಅಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಜಿಗೆ ಹೆದರಿದ್ದೆ, ಓಟಕ್ಕೂ ಹೆದರಿದ್ದೆ. ಸೈಕಲ್ ಬಗ್ಗೆ ಮಾತ್ರ ಯೋಚನೆಯೇ ಮಾಡಲಿಲ್ಲ. ಸೈಕಲ್ ತಾನೇ, ಹೈಸ್ಕೂಲಿಂದ ತುಳೀತಿದ್ದೀನಿ. ಹಿಂದಿನ ದಿನ ನಿಯಮ ಹೇಳಿಕೊಡುವಾಗಲೂ ಕೊನೇ ಸಾಲಿನಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಳ್ಳುತ್ತಿದ್ದೆ.

ಈಜು ಹೇಗೋ ಮುಗಿಸಿ, ಮೀರಾಮಾರ್ ಬೀಚಿನ ಮರಳಿನಿಂದ ಎದ್ದು ಸೈಕಲ್ ನಿಲ್ಲಿಸಿದ ಜಾಗಕ್ಕೆ ಓಡಿದೆ. ಹೆಲ್ಮೆಟ್ಟಿನ ಬಕಲ್ ಟಕ್ ಅಂದ ಮೇಲೆಯೇ ಸೈಕಲ್ ಮುಟ್ಟಬೇಕು, ಇದು ಮೊದಲ ನಿಯಮ. ನಾನು ಪೊಲೀಸರು ಕಂಡ ಮೇಲೆ ಬಕಲ್ ಹಾಕುವ ಪೈಕಿ. ಸೈಕಲ್ ಇಳಿಸಿಯೇಬಿಟ್ಟಿದ್ದೆ. ಅಲ್ಲಿದ್ದ ಹುಡುಗಿಯೊಬ್ಬಳು ಕಿರುಚಿದಳು. ವಾಪಸ್ ಇಟ್ಟು, ಬಕಲ್ ಹಾಕಿ, ಮತ್ತೆ ಇಳಿಸಿದೆ.

ಎರಡನೆಯದು ಗೆರೆ. ಗೆರೆ ದಾಟುವವರೆಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕು, ದಾಟಿದ ಮೇಲೆ ಪಕ್ಕಕ್ಕೆ ಸರಿದು ಹತ್ತಬೇಕು. ನಾನು ದಾಟಿದ ಖುಷಿಗೆ ಅಲ್ಲೇ ದಾರಿ ಮಧ್ಯ ನಿಂತೆ. ಬಲಗಾಲಿನ ಶೂ ಪೆಡಲ್ಲಿಗೆ ಕಚ್ಚಿಕೊಳ್ಳಲು ಒಪ್ಪುತ್ತಿಲ್ಲ. ಬಾಗಿಲಲ್ಲೇ ಜೋತುಬಿದ್ದವನಿಗೆ ಕಂಡಕ್ಟರ್ ಬೈಯುವ ಹಾಗೆ ಹಿಂದಿನವರು ಮೂರು ನಾಲ್ಕು ಭಾಷೆಗಳಲ್ಲಿ ಬೈದರು.

ಆಮೇಲೆ ಸಿಕ್ಕಿತು ನೋಡಿ, ನಿಶ್ಶಬ್ದ. ಎಷ್ಟು ಶಾಂತವಾದ ಊರು ಅಂದುಕೊಂಡೆ. ಹಾರ್ನ್ ಇಲ್ಲ, ಕೂಗಾಟ ಇಲ್ಲ. ರಸ್ತೆ ಮಧ್ಯದಲ್ಲೇ ಆರಾಮಾಗಿ ಹೋಗುತ್ತಿದ್ದೆ. ಎಡಕ್ಕೆ ಹೋಗಬೇಕು ಅಂತ ಹೊಳೆಯಲೇ ಇಲ್ಲ. ನಮ್ಮೂರಲ್ಲಿ ಎಡಭಾಗ ಗುಂಡಿಗೆ ಮತ್ತು ಪಾರ್ಕಿಂಗಿಗೆ, ಅಲ್ವಾ? ಪಕ್ಕದಲ್ಲಿ ಹಾದುಹೋದವರೆಲ್ಲ ತಿರುಗಿ ನನ್ನನ್ನೇ ದಿಟ್ಟಿಸುತ್ತಿದ್ದರು. ಹೊಸ ಜರ್ಸಿ ಚೆನ್ನಾಗಿ ಕಾಣ್ತಿರಬೇಕು ಅಂದುಕೊಂಡು ಒಬ್ಬಿಬ್ಬರಿಗೆ ಕೈ ಬೀಸಿದೆ ಕೂಡ.

ಹತ್ತನೇ ಕಿಲೋಮೀಟರಿನ ಆಸುಪಾಸಿನಲ್ಲಿ ನೀರು ಕೊಡುವ ಹುಡುಗ ನನ್ನ ಹಣೆ ಕಡೆ ಬೆರಳು ತೋರಿಸಿ ನಕ್ಕ. ಮುಟ್ಟಿ ನೋಡಿಕೊಂಡೆ. ಹೆಲ್ಮೆಟ್ ಒಳಗೆ ಈಜಿನ ರಬ್ಬರ್ ಟೋಪಿ ಹಾಗೇ ಇದೆ! ಹುಬ್ಬಿನ ಮೇಲಿಂದ ಕಿವಿಯ ಕೆಳಗಿನವರೆಗೆ ಬಲೂನಿನ ಹಾಗೆ ಅಂಟಿಕೊಂಡಿದೆ. ಕಿತ್ತರೆ ಒಳಗೆ ಅರ್ಧ ಲೋಟ ಸಮುದ್ರದ ನೀರು. ಅದು ಕೆನ್ನೆ ಮೇಲೆ ಇಳಿದದ್ದೇ ತಡ, ಲೋಕದ ಸದ್ದೆಲ್ಲ ಒಟ್ಟಿಗೆ ಕಿವಿಗೆ ನುಗ್ಗಿತು. "ರೈಟ್! ರೈಟ್! ಅಂಕಲ್, ಲೆಫ್ಟಿಗೆ ಹೋಗಿ!" ರೈಟ್ ಅಂದರೆ ನಿಮ್ಮ ಬಲಗಡೆಯಿಂದ ದಾಟ್ತಿದ್ದೀವಿ ಅಂತ. ಪಾಪ, ಅಷ್ಟು ದೂರದಿಂದಲೂ ಹೀಗೇ ಕೂಗುತ್ತಾ ಬಂದಿದ್ದರಂತೆ. ಟೋಪಿ ಎಸೆಯೋಣ ಅಂದರೆ, ಗೊತ್ತುಮಾಡಿದ ಜಾಗ ಬಿಟ್ಟು ಬೇರೆ ಕಡೆ ಒಂದು ಚೂರು ಪ್ಲಾಸ್ಟಿಕ್ ಬೀಳಿಸಿದರೂ ಶಿಕ್ಷೆ. ಬೆನ್ನಿನ ಜೇಬಿಗೆ ತುರುಕಿದೆ. ಅಲ್ಲಿ ಆಗಲೇ ಶಕ್ತಿಗೆಂದು ನುಂಗುವ ಜೆಲ್ಲಿನ ಖಾಲಿ ಪೊಟ್ಟಣಗಳು ಅಂಟಂಟಾಗಿ ಸಂಸಾರ ಹೂಡಿದ್ದವು.

ಈಗ ನೀಲಿ ಕಾರ್ಡಿನ ಕಥೆ.

ನಾನು ಸೈಕಲ್ ಕಲಿತದ್ದೆಲ್ಲ ಭಾನುವಾರ ಬೆಳಗ್ಗೆ ಗುಂಪಿನಲ್ಲಿ ನಂದಿ ಬೆಟ್ಟಕ್ಕೆ ಹೋಗಿ. ಅಲ್ಲಿ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋಗುವುದೇ ಜಾಣತನ. ಅವರು ಗಾಳಿ ಸೀಳುತ್ತಾರೆ, ಹಿಂದಿನವನು ಪುಕ್ಕಟೆ ಬರುತ್ತಾನೆ. ದಾರಿಯುದ್ದಕ್ಕೂ ಹರಟೆ, ಕೊನೆಗೆ ಇಡ್ಲಿ. ಒಲಿಂಪಿಕ್ಸಿನ ಟ್ರಯಥ್ಲಾನಿನಲ್ಲೂ, ಅಂದರೆ ಈಜು-ಸೈಕಲ್-ಓಟದ ರೇಸಿನಲ್ಲೂ, ಹೀಗೆ ಅಂಟಿಕೊಂಡು ಹೋಗಬಹುದು. ಆದರೆ ಇಲ್ಲಿ ಅದು ಕಳ್ಳತನ. ಮುಂದಿನವರ ಮುಂಚಕ್ರದಿಂದ ನಮ್ಮ ಮುಂಚಕ್ರಕ್ಕೆ 12 ಮೀಟರ್ ಇರಬೇಕು. ಹೆಚ್ಚುಕಡಿಮೆ ಒಂದು ಬಿಎಂಟಿಸಿ ಬಸ್ಸಿನ ಉದ್ದ. ಅದರೊಳಗೆ ನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಿ ಮುಂದೆ ಹೋಗಬೇಕು. ಇನ್ನೊಂದು ಏನಪ್ಪಾ ಅಂದ್ರೆ, ನಮ್ಮನ್ನು ಯಾರಾದರೂ ದಾಟಿದರೆ ನಾವೇ ಹಿಂದೆ ಸರಿದು ಆ ಜಾಗ ಮಾಡಿಕೊಡಬೇಕು. ಈ ಮಾತನ್ನು ನಮ್ಮ ಸಿಲ್ಕ್ ಬೋರ್ಡಿನಲ್ಲಿ ಹೇಳಿ ನೋಡಿ.

ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನನ್ನನ್ನು ದಾಟಿದರು. ಜರ್ಸಿಯ ಬೆನ್ನಿನ ಮೇಲೆ ಕನ್ನಡದಲ್ಲಿ "ಮೈಸೂರು" ಅಂತಿತ್ತು. ಪರಊರಿನಲ್ಲಿ ಕನ್ನಡ ಕಂಡರೆ ಯಾರಿಗೆ ಖುಷಿಯಾಗಲ್ಲ? ಹೋಗಿ ಹಿಂದೆಯೇ ಅಂಟಿಕೊಂಡೆ.

"ಮೇಡಂ, ಮೈಸೂರಾ?"

"ಹೂಂ. ಹಿಂದೆ ಹೋಗಿ."

"ಮೈಸೂರಲ್ಲಿ ಎಲ್ಲಿ?"

"ಹಿಂದೆ ಹೋಗೀಪ್ಪಾ, ಹನ್ನೆರಡು ಮೀಟರ್!"

"ನಮ್ಮ ಅತ್ತಿಗೆ ಮನೆ ಕುವೆಂಪುನಗರದಲ್ಲೇ..."

ಬಲಗಡೆ ಮೋಟರ್‌ಬೈಕ್ ಬಂತು. ಹಿಂದೆ ಕೂತಿದ್ದ ರೆಫರಿ ನನ್ನ ನಂಬರ್ ಓದಿ, ನೀಲಿ ಕಾರ್ಡು ತೋರಿಸಿ ಹೊರಟುಹೋದರು. ಐದು ನಿಮಿಷ ಶಿಕ್ಷೆ. ಮೇಡಂ ತಿರುಗಿಯೂ ನೋಡಲಿಲ್ಲ.

ದಾರಿಯಲ್ಲಿ ಮುಂದೆ ಸಿಗುವ ಶಿಕ್ಷೆಯ ಟೆಂಟಿಗೆ ನಾವಾಗಿಯೇ ಹೋಗಿ ನಿಲ್ಲಬೇಕು. ಯಾರೂ ಅಡ್ಡ ಹಾಕಿ ಹಿಡಿಯುವುದಿಲ್ಲ, ಕೀ ಕಿತ್ತುಕೊಳ್ಳುವುದಿಲ್ಲ. ಹೋಗದಿದ್ದರೆ ರೇಸಿಂದಲೇ ಔಟ್. ಟ್ರಾಫಿಕ್ ದಂಡಕ್ಕೆ ಸರ್ಕಾರ 50 ಪರ್ಸೆಂಟ್ ರಿಯಾಯಿತಿ ಕೊಡುವವರೆಗೆ ಕಾಯುವ ಊರಿನವನು ನಾನು. ಜೀವನದಲ್ಲಿ ಮೊದಲ ಸಲ ಕೇಳಿಕೊಂಡು ಹುಡುಕಿಕೊಂಡು ಹೋಗಿ ದಂಡ ಕಟ್ಟಿದೆ. ಟೆಂಟಿನಲ್ಲಿ ಇನ್ನೂ ಮೂವರಿದ್ದರು. ಎಲ್ಲರೂ ಕ್ಲಾಸಿಂದ ಹೊರಗೆ ಹಾಕಿಸಿಕೊಂಡ ಮಕ್ಕಳ ಹಾಗೆ ನೆಲ ನೋಡುತ್ತಾ ನಿಂತಿದ್ದೆವು. ನಿಜ ಹೇಳಬೇಕೆಂದರೆ, ಇಡೀ ರೇಸಿನಲ್ಲಿ ನನಗೆ ಅತಿ ಹಿತವಾದದ್ದು ಆ ಐದು ನಿಮಿಷದ ನೆರಳು.

ಮೂತ್ರದ ವಿಷಯ ಕೇಳಬೇಡಿ. ನೀರು, ತಿಂಡಿ ಕೊಡುವ ಏಡ್ ಸ್ಟೇಷನ್ನಿನಲ್ಲಿ ಶೌಚಾಲಯ ಇರುತ್ತದೆ, ಮರ್ಯಾದಸ್ಥರು ನಿಲ್ಲಿಸಿ ಹೋಗುತ್ತಾರೆ. ಸಮಯ ಉಳಿಸಲು ಸೀಟಿನ ಮೇಲೇ ಮುಗಿಸುವವರೂ ಇದ್ದಾರಂತೆ. ಅದು ಗೊತ್ತಾದ ಮೇಲೆ ನಾನು 12 ಅಲ್ಲ, 20 ಮೀಟರ್ ಬಿಟ್ಟೆ.

ಟೆಂಟಿಂದ ಸ್ವಲ್ಪ ಮುಂದೆ ರಸ್ತೆ ಬದಿಯಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಸ್ಟೀಲ್ ಬಾಟಲಿ. "ರೀ, ಮಜ್ಜಿಗೆ! ಇಂಗು, ಕರಿಬೇವು ಎಲ್ಲ ಹಾಕಿದೀನಿ!" ಹೊರಗಿನವರಿಂದ ಏನೂ ತಗೋಬಾರದು, ಅದೂ ನಿಯಮ. ಅವಳು ಹೊರಗಿನವಳಾ ಅನ್ನುವುದು ಬೇರೆ ಪ್ರಶ್ನೆ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಆಗ ನೀರು, ತಿಂಡಿ ಕೊಡುವವರನ್ನು ಅವರವರೇ ಕರ್ಕೊಂಡು ಬರಬೇಕಿತ್ತು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ಗೆ ಓಟದ ಮಧ್ಯೆ ನೀರು ಮುಗಿದು, ಅವನ ಕಡೆಯವರು ಬಿಯರ್ ಕೊಟ್ಟರಂತೆ. ಅವನಿಗೆ ಬಿಯರ್ ಆಗುತ್ತೆ, ನನಗೆ ಮಜ್ಜಿಗೆ ಆಗಲ್ಲ. ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, ತಲೆ ಅಲ್ಲಾಡಿಸಿ, ಮುಂದೆ ಹೋದೆ. ಹಿಂದಿನಿಂದ "ಏನಾಯ್ತೂರೀ, ಕೋಪಾನಾ?" ಅಂತ ಕೇಳಿಸಿತು.

ಓಟದ ಬಗ್ಗೆ ಹೇಳುವಂಥದ್ದೇನೂ ಇಲ್ಲ, ನಡೆದೆ. ಸಮಯ ಮುಗಿಯಲು ಒಂಬತ್ತು ನಿಮಿಷ ಇರುವಾಗ ಗೆರೆ ದಾಟಿದೆ. ಕುರ್ಚಿಯೊಂದರಲ್ಲಿ ಕುಸಿದಾಗ ಹೆಂಡತಿ ಬಾಟಲಿ ಮುಂದೆ ಹಿಡಿದಳು. "ಈಗ ಕುಡಿದ್ರೆ ಯಾವ ಬಣ್ಣದ ಕಾರ್ಡು?" ಮಜ್ಜಿಗೆ ಹುಳಿ ಬಂದಿತ್ತು. ಗಟಗಟ ಕುಡಿದೆ.

ಪಕ್ಕದ ಕುರ್ಚಿಯನ್ನು ನನ್ನ ಕುರ್ಚಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಯಾರೋ ಕೂತರು. ಕೊರಳಲ್ಲಿ ಮೆಡಲ್, ಕೈಯಲ್ಲಿ ಬಾಳೆಹಣ್ಣು. ಮೈಸೂರು ಮೇಡಂ.

"ಈಗ ಹೇಳಿ. ಕುವೆಂಪುನಗರದಲ್ಲಿ ಎಷ್ಟನೇ ಕ್ರಾಸು?"