ಮೇ ತಿಂಗಳಲ್ಲಿ ಪಾಸಾದ ಮಣ್ಣು

ಕಲಬುರಗಿ ಜಿಲ್ಲೆಯ ಹುಡುಗರು ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬೀಳುತ್ತಾರೆಂದು ಪ್ರತಿ ವರ್ಷ ಎಲ್ಲರೂ ಮರುಗುತ್ತಾರೆ. ಇಲ್ಲಿಯ ಮಣ್ಣಿನ ಫಲಿತಾಂಶವನ್ನು ಮಾತ್ರ ಯಾರೂ ಕೊಂಡಾಡುವುದಿಲ್ಲ. ಸಂಡಾಸಿನ ಗುಂಡಿಗೆ ನೆಲ ಒಗ್ಗುತ್ತದೋ ಎಂದು ನೋಡುವ, ನೀರು ಇಂಗುವ ಪರೀಕ್ಷೆಯಲ್ಲಿ ನಮ್ಮೂರ ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಇವತ್ತಿನತನಕ ಫೇಲಾದದ್ದಿಲ್ಲ. ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ, ಫೇಲಾಗಬೇಕೆಂದರೂ ಆಗಲು ಬರುವುದಿಲ್ಲ.

ಮೇದಲ್ಲಿ ಎರೆ ಹೊಲ ನೋಡಿದವರಿಗೆ ಗೊತ್ತು. ಕೈ ಇಳಿಬಿಟ್ಟರೆ ಮೊಣಕೈತನಕ ಹೋಗುವಂಥ ಬಿರುಕು. ಸಂಡಾಸಿಗೆಂದು ತೋಡಿದ ಗುಂಡಿಗೆ, ಪರೀಕ್ಷೆಗೆ ಬಂದ ಸಾಹೇಬರು ಒಂದು ಕೊಡ ನೀರು ಸುರುವಿಸಿದರು. ನೀರು ಇಂಗಲಿಲ್ಲ, ಮಾಯವಾಯಿತು. ಸಾಹೇಬರು ಬಗ್ಗಿ, ಮೊಬೈಲಿನ ಬ್ಯಾಟರಿ ಹಚ್ಚಿ ನೋಡಿ, "ಫಸ್ಟ್ ಕ್ಲಾಸ್ ಮಣ್ಣು ಅದರೀ" ಎಂದು ಫಾರ್ಮಿನಲ್ಲಿ 'ತೃಪ್ತಿಕರ' ಬರೆದರು. ನಲ್ಲಿಗೆ ಸರದಿ ನಿಂತು ತಂದ ಕೊಡ ಅದು. ಮನೆಯ ಆಯಿ ಸುಮ್ಮನಿರಲಿಲ್ಲ. "ಕುಡೀಲಾಕ ನೀರಿಲ್ಲ, ನೀವು ನೆಲಕ್ಕ ಕುಡಸ್ಲಾಕತ್ತೀರಲ್ರೀ ಯಪ್ಪಾ!"

ಆಯಿಗೆ ಗೊತ್ತಿಲ್ಲದೇ ಅವಳ ಬಾಯಲ್ಲಿ ಬಂದದ್ದು ಸರಿಯಾದ ವಿಧಾನ. ಭಾರತೀಯ ಮಾನಕ ಬ್ಯೂರೊದ ಐಎಸ್ 2470, ಭಾಗ 2 ಎಂಬ ನಿಯಮಾವಳಿ ಹೇಳುವುದೂ ಅದನ್ನೇ. ಮೊದಲು ನೆಲಕ್ಕೆ ಹೊಟ್ಟೆ ತುಂಬ ಕುಡಿಸಬೇಕು, ಒಂದು ರಾತ್ರಿ ನೆನೆಯಲು ಬಿಡಬೇಕು. ಅಷ್ಟರಲ್ಲಿ ಎರೆ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ, ಬೇಸಿಗೆಯ ವೇಷ ಕಳಚುತ್ತದೆ. ಮರುದಿನ ಮತ್ತೆ ನೀರು ಹಾಕಿ, 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಬೇಕು. 30 ನಿಮಿಷದೊಳಗಾದರೆ ಇಂಗುಗುಂಡಿ ನಡೆಯುತ್ತದೆ. 60 ದಾಟಿತೋ, ಆ ನೆಲದಲ್ಲಿ ಇಂಗಿಸುವ ಆಸೆಯನ್ನೇ ಬಿಡಬೇಕು. ಆದರೆ ಮಣ್ಣು ನೆನೆಯಲಿ ಎಂದು ಸಾಹೇಬರು ಹಳ್ಳಿಯಲ್ಲಿ ರಾತ್ರಿ ಉಳಿಯುವುದೆಂದರೇನು? ಮಂತ್ರಿಗಳ ಗ್ರಾಮ ವಾಸ್ತವ್ಯವಾದರೆ ಮಂಚ, ಕೂಲರ್, ಪತ್ರಕರ್ತರು ಎಲ್ಲ ಇರುತ್ತಾರೆ. ಒಂದು ಗುಂಡಿಯ ಪಕ್ಕದ ವಾಸ್ತವ್ಯಕ್ಕೆ ಯಾವ ಛಾನೆಲ್ಲಿನವರು ಬರುತ್ತಾರೆ?

ಇನ್ನು ಸಂಡಾಸಿನ ನಕ್ಷೆಯ ಸಮಾನತೆಗೆ ಕೈ ಮುಗಿಯಬೇಕು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲಕ್ಕೂ, ಎರಡು ಮೂರು ಫೂಟು ಅಗೆದರೆ ಪರಸಿ ಕಲ್ಲು ಹತ್ತುವ ಶಹಾಬಾದಿನ ಕಡೆಗೂ, ನಮ್ಮ ಎರೆಗೂ ಒಂದೇ ಝೆರಾಕ್ಸು. ಬೀದರಿನಲ್ಲಿ ನೀರು ಸಲೀಸಾಗಿ ಇಳಿದು ಪಕ್ಕದ ಬಾವಿಗೆ ಹೋಗಿ ಸೇರಬಹುದೆಂಬ ಚಿಂತೆ. ಪರಸಿಯಲ್ಲಿ ಬಂಡೆಯ ಸೀಳು ಹಿಡಿದು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಎರೆಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಬಹಮನಿ ಕಾಲದವರು ಬೀದರಿನ ನೌಬಾದಿನಲ್ಲಿ ಕಲ್ಲಿನ ಗುಣ ತಿಳಿದು ನೆಲದೊಳಗೇ ನೀರು ಹರಿಸುವ ಕರೇಜ್ ಕೊರೆದರು. ಅವರಿಗೆ ಝೆರಾಕ್ಸ್ ಮಷಿನ್ ಇರಲಿಲ್ಲ ನೋಡಿ, ತ್ರಾಸು ತೊಗೊಳ್ಳಲೇಬೇಕಿತ್ತು.

ಎರೆಯಲ್ಲಿ ಸಂಡಾಸೇ ಬೇಡವೆಂದು ಯಾರೂ ಹೇಳಿಲ್ಲ. ಗುಂಡಿಯನ್ನು ಜರಾ ಅಗಲ ತೋಡಿ, ಗೋಡೆಯ ಹೊರಗೆ ಸುತ್ತಲೂ ಒಂದು ಫೂಟು ಮರಳು ಇಲ್ಲವೇ ಸಣ್ಣ ಕಂಕರ್ ತುಂಬಬೇಕೆಂದು ಎಂಜಿನಿಯರುಗಳ ಪುಸ್ತಕದಲ್ಲೇ ಇದೆ. ಆದರೆ ಸ್ವಚ್ಛ ಭಾರತದ ಪ್ರೋತ್ಸಾಹಧನ 12,000 ರೂಪಾಯಿ. ಅದರಲ್ಲಿ ಗೋಡೆ, ಬಾಗಿಲು, ಬೇಸಿನ್, ಎರಡು ಗುಂಡಿ ಎಲ್ಲ ಆಗಬೇಕು. ಇವತ್ತಿನ ದರಕ್ಕೆ ಮರಳನ್ನು ಗುಂಡಿಯ ಸುತ್ತ ಸುರಿಯುವವನನ್ನು ಊರವರು ಹುಚ್ಚ ಎನ್ನುತ್ತಾರೆ. ಗೌಂಡಿ ಕೇಳಿಯೇ ಬಿಟ್ಟ: "ಕಾಕಾ, ಒಳಗಿಂದು ಯಾರು ನೋಡ್ತಾರ? ಫೋಟೋದಾಗ ಬರಂಗಿಲ್ಲ."

ಮಾತು ಖರೆ. ಸರ್ಕಾರದ ಆ್ಯಪಿಗೆ ಏರಿಸಲು ಫಲಾನುಭವಿಯನ್ನು ಬಾಗಿಲ ಮುಂದೆ ನಿಲ್ಲಿಸಿ ಹೊಡೆದ ಫೋಟೋದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ ದಶಮಾಂಶದ ಮುಂದೆ ಆರು ಅಂಕಿಯತನಕ ಇರುತ್ತವೆ. ಸಂಡಾಸು ಭೂಗೋಳದ ಮೇಲೆ ಎಲ್ಲಿದೆಯೆಂದು ದಿಲ್ಲಿಗೆ ಪಕ್ಕಾ ಗೊತ್ತು. ಭೂಮಿಯ ಒಳಗೆ ಏನಿದೆಯೆಂದು ಕೇಳುವ ಕಾಲಮ್ಮೇ ಆ್ಯಪಿನಲ್ಲಿಲ್ಲ.

ದುಡ್ಡಿದ್ದವರ ಕತೆ ಬೇರೆ. ಅವರು ಸೆಪ್ಟಿಕ್ ಟ್ಯಾಂಕು ಕಟ್ಟಿಸುತ್ತಾರೆ, ಅದಕ್ಕೆ ತಜ್ಞರನ್ನೂ ಕರೆಸುತ್ತಾರೆ. ವಾಸ್ತುದವರನ್ನು. ದಿಕ್ಸೂಚಿ ಹಿಡಿದು ಅಂಗಳವೆಲ್ಲ ಸುತ್ತಿ, ವಾಯವ್ಯ ಮೂಲೆ ಎಂದು ಗೆರೆ ಎಳೆಯುತ್ತಾರೆ. ಗೆರೆಯಾಚೆ ನಾಲ್ಕು ಹೆಜ್ಜೆಗೆ ಬೋರ್‌ವೆಲ್ ಇದ್ದರೆ ಅದು ಪಕ್ಕದ ಮನೆಯವರ ಗ್ರಹಚಾರ. ಟ್ಯಾಂಕು ದೊಡ್ಡದಿದ್ದಷ್ಟೂ ಮನೆತನ ದೊಡ್ಡದು, "ನಮ್ಮದು ಇಪ್ಪತ್ತು ವರ್ಷ ತುಂಬಂಗಿಲ್ಲ" ಎಂದು ಬೀಗರ ಮುಂದೆ ಹೇಳಬಹುದು. ಗಟ್ಟಿಯದ್ದು ತಳಕ್ಕೆ ಕೂತರೂ, ಒಳಗೆ ಹೋದಷ್ಟು ನೀರು ದಿನಾ ಹೊರಗೆ ಬರಲೇಬೇಕಲ್ಲ? ಅದಕ್ಕೆ ಇಂಗುಗುಂಡಿ ಬೇಕು. ಅದರ ಬದಲು ಕಾಂಪೌಂಡಿಗೆ ಒಂದು ತೂತು, ತೂತಿಗೊಂದು ಪೈಪು, ಪೈಪಿನ ಬಾಯಿ ಸರ್ಕಾರಿ ಗಟಾರಕ್ಕೆ. ಗೇಟಿನ ಮೇಲೆ 'ಶಿವಕೃಪಾ'.

ಆಗಸ್ಟ್ ಬಂತು. ನೆಲ ಉಬ್ಬಿತು, ಬಿರುಕು ಮುಚ್ಚಿತು, ಗುಂಡಿ ಮೊದಲು ಮಳೆಯಿಂದಲೇ ತುಂಬಿತು. ಸುರುವಿದ ನೀರು ಬೇಸಿನ್ನಿನೊಳಗೆ ಗಿರಕಿ ಹೊಡೆದು ಮೇಲೆ ಬರತೊಡಗಿತು. ಬೇಸಿಗೆಯಲ್ಲಿ ಅಟ್ಟ ಸೇರಿದ್ದ ತಂಬಿಗೆಗಳು ಇಳಿದವು. ಸಂಡಾಸಿನೊಳಗೆ ತೊಗರಿಗೆ ಹೊಡೆಯುವ ಔಷಧದ ಪಂಪು ಕೂತಿತು. ಊರ ಅಗಸಿಯಲ್ಲಿ 'ಬಯಲು ಬಹಿರ್ದೆಸೆ ಮುಕ್ತ ಗ್ರಾಮ' ಎಂಬ ಬೋರ್ಡಿದೆ. ಮಳೆಗಾಲದಲ್ಲಿ ಅದರ ಹಿಂದೆ ಮರೆ ಚೆನ್ನಾಗಿರುತ್ತದೆ.

ಆಯಿಯ ಮೊಮ್ಮಗ ಓದಿದವನು. ಐಎಸ್ 2470 ಮೊಬೈಲಿನಲ್ಲಿ ತೆಗೆದು ಸಾಹೇಬರಿಗೆ ಫೋನು ಹಚ್ಚಿದ. "ಸರ್, ಈಗ ಬಂದು ಪರೀಕ್ಷೆ ಮಾಡ್ರಿ. ಮಣ್ಣು ತಾನೇ ನೆಂದು ಕುಂತದ, ನೀವು ರಾತ್ರಿ ಉಳೀಬೇಕಂತ ಇಲ್ಲ."

"ಬರ್ತಿದ್ದೆ ತಮ್ಮಾ," ಅಂದರು ಸಾಹೇಬರು. "ನಿಮ್ಮೂರ ದಾರಿ ಎರಿ ಅದಲ್ಲ, ಗಾಡಿ ಸಿಗಬೀಳ್ತದ. ನೀರು ಒಟ್ಟ ಇಂಗಲ್ಲ ನೋಡು ಅಲ್ಲಿ. ಮೇದಾಗ ಬರ್ತೀನಿ, ಒಂದು ಕೊಡ ನೀರು ತಯಾರ್ ಇಡ್ರಿ."