ಪಿರೇಯಸ್ ಬಂದರಿನ ಹಂಗು

ಯುರೋಪಿನಲ್ಲಿ ಚೀನಾ ಪ್ರಭಾವ ಅಂದರೆ ಟಿವಿಯವರಿಗೆ ಷಿ ಜಿನ್‌ಪಿಂಗ್ ಮುಖ ನೆನಪಾಗುತ್ತದೆ. ಹಡಗಿನಲ್ಲಿ ದುಡಿದ ನನಗೆ ನೆನಪಾಗುವುದು ಗ್ರೀಸಿನ ಪಿರೇಯಸ್ ಬಂದರು.

ಮೊದಲ ಸಲ ಅಲ್ಲಿ ಇಳಿದದ್ದು 2007ರಲ್ಲಿ. ಮತ್ತೆ ಹೋದದ್ದು 2018ರಲ್ಲಿ. ಅಷ್ಟರಲ್ಲಿ ಬಂದರು ಗುರುತೇ ಸಿಗದ ಹಾಗೆ ಬೆಳೆದಿತ್ತು. ಪಕ್ಕದ ಪೆರಾಮಾ ಅನ್ನುವ ಊರಿನ ಕಾಫಿ ಅಂಗಡಿಯಲ್ಲಿ ಕೂತಿದ್ದೆ. ಗ್ರೀಕ್ ಕಾಫಿ ಗೊತ್ತಲ್ವಾ, ಕಾಲು ಲೋಟ ಚರಟವೇ ಇರುತ್ತದೆ. ಎದುರಿಗೆ ಬಂದರಿನಲ್ಲಿ ದುಡಿದು ರಿಟೈರ್ ಆದ ಅಜ್ಜ ಒಬ್ಬರು. ಮುರುಕು ಇಂಗ್ಲಿಷಿನಲ್ಲಿ ಹೇಳಿದರು: "2009ರಲ್ಲಿ ಚೀನಾದವರು ಬರುವುದು ಬೇಡ ಅಂತ ನಾವು ಸ್ಟ್ರೈಕ್ ಮಾಡಿದೆವು. ಈಗ ನನ್ನ ಮಗ ಅಲ್ಲೇ ಕ್ರೇನ್ ಓಡಿಸುತ್ತಾನೆ. ಭಾನುವಾರ ಊಟಕ್ಕೆ ಕೂತಾಗ ನಾವಿಬ್ಬರೂ ಆ ಮಾತು ಎತ್ತುವುದಿಲ್ಲ."

ಚೀನಾದ ಸರ್ಕಾರಿ ಕಂಪನಿ ಕಾಸ್ಕೋ ಮೊದಲು ಎರಡು ಕಂಟೇನರ್ ಧಕ್ಕೆಗಳನ್ನು 35 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಆಮೇಲೆ ಗ್ರೀಸ್ ಸಾಲದಲ್ಲಿ ಮುಳುಗಿತು. ಸಾಲ ಕೊಟ್ಟವರು ಯುರೋಪಿನವರು ಮತ್ತು ಐಎಂಎಫ್ ಅನ್ನುವ ಅಂತರರಾಷ್ಟ್ರೀಯ ಹಣಕಾಸು ನಿಧಿ. ಇದ್ದದ್ದನ್ನು ಮಾರಿ ಅಂತ ಕುತ್ತಿಗೆಗೆ ಕೂತರು. 2016ರಲ್ಲಿ ಬಂದರಿನ 51% ಪಾಲು 28 ಕೋಟಿ ಯೂರೋಗೆ ಮಾರಾಟವಾಯಿತು. ಕೊನೆಗೆ ಬಿಡ್ ಹಾಕಿದ್ದು ಕಾಸ್ಕೋ ಒಂದೇ. ಕೊನೆಯ ಸುತ್ತಿನಲ್ಲಿ ಯುರೋಪಿನ ಒಂದು ಕಂಪನಿಯೂ ಕೈ ಎತ್ತಲಿಲ್ಲ. 2021ಕ್ಕೆ ಆ ಪಾಲು 67% ಆಯಿತು.

ಕೊಂಡವರು ಸುಮ್ನೆ ಕೂರಲಿಲ್ಲ, ಅದನ್ನೂ ಹೇಳಬೇಕು. 20 ಅಡಿ ಕಂಟೇನರ್ ಲೆಕ್ಕದಲ್ಲಿ 2010ರಲ್ಲಿ 10 ಲಕ್ಷವೂ ದಾಟದ ಬಂದರು 2019ರಲ್ಲಿ 50 ಲಕ್ಷ ದಾಟಿತು.

ಆದರೆ ಕಷ್ಟಕಾಲದಲ್ಲಿ ಕೊಂಡವನ ಜೊತೆ ಒಂದು ಹಂಗೂ ಮನೆಯೊಳಗೆ ಬರುತ್ತದೆ. 2017ರ ಜೂನ್‌ನಲ್ಲಿ ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕು ಮಂಡಳಿಯಲ್ಲಿ ಚೀನಾವನ್ನು ಟೀಕಿಸುವ ಹೇಳಿಕೆ ಓದಬೇಕು ಅಂತ ಯುರೋಪಿಯನ್ ಒಕ್ಕೂಟ ಹೊರಟಿತ್ತು. ಎಲ್ಲ ದೇಶಗಳೂ ಒಪ್ಪಿದರೆ ಮಾತ್ರ ಅಂಥ ಹೇಳಿಕೆ. ಗ್ರೀಸ್ ಒಪ್ಪಲಿಲ್ಲ. ಬಂದರು ಮಾರಿ ವರ್ಷ ಕಳೆದಿತ್ತು ಅಷ್ಟೇ. ಬೀಜಿಂಗಿನಿಂದ ಯಾರಾದರೂ ಫೋನ್ ಮಾಡಿರಬೇಕು ಅಂತೇನೂ ಇಲ್ಲ. ಆ ಅಜ್ಜನಿಗೆ, ಭಾನುವಾರ ಮಾತಾಡಬೇಡ ಅಂತ ಯಾರು ಹೇಳಿದ್ದರು?

ಆಗ ಗ್ರೀಸಿಗೆ ಬೈದವರಲ್ಲಿ ಜರ್ಮನ್ನರೂ ಇದ್ದರು. ಐದು ವರ್ಷ ಕಳೆಯಲಿಲ್ಲ, ಅದೇ ಕಾಸ್ಕೋ ಹ್ಯಾಂಬರ್ಗಿನ ಒಂದು ಟರ್ಮಿನಲ್‌ನಲ್ಲಿ 35% ಪಾಲು ಕೇಳಿತು. ಹಲವು ಮಂತ್ರಿಗಳು ಬೇಡ ಅಂದರು. ಆಗಿನ ಚಾನ್ಸಲರ್ ಷೋಲ್ಟ್ಜ್ ಕೊನೆಗೆ 24.99% ಕೊಟ್ಟರು. ಅಪ್ಪಟ ಬಾಟಾ ರೇಟು! 25 ದಾಟಿದರೆ ಕಂಪನಿಯ ತೀರ್ಮಾನಗಳಿಗೆ ತಡೆ ಒಡ್ಡುವ ಅಧಿಕಾರ ಬರುತ್ತದೆ ಅನ್ನುವ ಲೆಕ್ಕಾಚಾರ ಅದು.

ಲಿಥುವೇನಿಯಾದಂಥ ಪುಟ್ಟ ದೇಶ ಬೇರೆ ದಾರಿ ಹಿಡಿಯಿತು. 2021ರಲ್ಲಿ ತೈವಾನ್ ಹೆಸರಿನ ಕಚೇರಿ ತೆರೆಯಲು ಬಿಟ್ಟಿತು. ತೈವಾನ್ ತನ್ನದೇ ಅನ್ನುವ ಚೀನಾ ಲಿಥುವೇನಿಯಾದ ಸರಕನ್ನೇ ನಿಲ್ಲಿಸಿತು. ಚೀನಾಕ್ಕೆ ಹೊರಟು ಸಿಕ್ಕಿಬಿದ್ದಿದ್ದ 20 ಸಾವಿರ ಬಾಟಲಿ ರಮ್ ಅನ್ನು ತೈವಾನ್ ಕೊಂಡುಕೊಂಡಿತು. ಒಕ್ಕೂಟ ದೂರು ಕೊಟ್ಟಿತು, ಅಷ್ಟೇ.

ಮನೆಯೊಂದು ಮೂರು ಬಾಗಿಲು ಅಂತೀವಿ. ಯುರೋಪಿಯನ್ ಒಕ್ಕೂಟದಲ್ಲಿ ದೇಶ 27, ಬಾಗಿಲೂ 27. 2024ರ ಅಕ್ಟೋಬರ್‌ನಲ್ಲಿ ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಬಿತ್ತು. ಬಿವೈಡಿ ಕಂಪನಿಗೆ 17%. ಅದನ್ನು ವಿರೋಧಿಸಿ ಮತ ಹಾಕಿದವರಲ್ಲಿ ಕಾರುಗಳ ತವರಾದ ಜರ್ಮನಿಯೂ ಇತ್ತು. ಅದರ ಕಾರುಗಳಿಗೆ ಚೀನಾ ದೊಡ್ಡ ಮಾರುಕಟ್ಟೆ, ಮುಯ್ಯಿ ತೀರಿಸಿದರೆ ಏನು ಗತಿ ಅನ್ನುವ ಭಯ. ಅಷ್ಟರಲ್ಲಿ ಬಿವೈಡಿ ಹಂಗೇರಿಯ ಸೆಗೆಡ್‌ನಲ್ಲಿ ಕಾರ್ಖಾನೆಗೆ ಜಾಗ ಹಿಡಿದಾಗಿತ್ತು. ಬೇಲಿಯ ಒಳಗೇ ಮನೆ ಕಟ್ಟಿದವನಿಗೆ ಬೇಲಿಯ ಚಿಂತೆ ಏಕೆ?

ಯುರೋಪಿಗೆ ಹೀಗೇ ಆಗಬೇಕಿತ್ತು ಅಂತ ನಮ್ಮಲ್ಲಿ ಕೆಲವರು ಖುಷಿಪಡುತ್ತಾರೆ. ನಮ್ಮ ಕರಾವಳಿಯ ಬಸ್ರೂರನ್ನು ಹಿಡಿದಿದ್ದ ಪೋರ್ಚುಗೀಸರನ್ನು ನೆನೆಸಿಕೊಂಡರೆ ನನಗೂ ಒಂದು ಕ್ಷಣ ಹಾಗನ್ನಿಸುತ್ತದೆ. ಆದರೆ ಶ್ರೀಲಂಕಾದ ಹಂಬನ್‌ತೋಟ ಬಂದರು ಚೀನಾದ ಕಂಪನಿಗೆ 99 ವರ್ಷದ ಲೀಸಿಗೆ ಹೋದದ್ದೂ 2017ರಲ್ಲೇ. ಅದು ಪಿರೇಯಸ್‌ಗಿಂತ ನಮಗೆ ತುಂಬ ಹತ್ತಿರ.

ಬಿವೈಡಿ ಕಾರು ಸಾಗಿಸಲು ತನ್ನ ಹೆಸರಿನ ಹಡಗನ್ನೇ ಇಳಿಸಿದೆ. ಏಳು ಸಾವಿರ ಕಾರು ಹಿಡಿಯುವ ಅದು 2024ರಲ್ಲಿ ಮೊದಲ ಸಲ ಜರ್ಮನಿಯ ಬ್ರೇಮರ್‌ಹಾವನ್‌ಗೆ ಬಂತು. ಜರ್ಮನ್ ಕಾರುಗಳು ಲೋಕಕ್ಕೆಲ್ಲ ಹೊರಡುವ ಬಂದರು ಅದು. ಕುಂದಾಪುರದ ನನ್ನ ಹಳೆಯ ಶಿಪ್‌ಮೇಟ್ ಆಮೇಲೊಮ್ಮೆ ಅಲ್ಲಿಂದ ಫೋಟೋ ಕಳಿಸಿದ್ದ. ಒಂದು ಕಡೆ ಹಡಗು ಹತ್ತಲು ನಿಂತ ಕಾರುಗಳು, ಇನ್ನೊಂದು ಕಡೆ ಹಡಗಿನಿಂದ ಇಳಿದವು. ಎಲ್ಲದರ ಬಾನೆಟ್ಟಿಗೂ ಬಿಳಿ ಪ್ಲಾಸ್ಟಿಕ್.

"ಚೀನಾದ್ದು ಯಾವ್ದು ಹೇಳು ನೋಡುವ ಮಾರಾಯ" ಅಂತ ಬರೆದಿದ್ದ.

ಝೂಮ್ ಮಾಡಿ ನೋಡಿದೆ. ಗೊತ್ತಾಗಲಿಲ್ಲ.