ಪಾರ್ಸೆಲ್ ಬರೋದು ಯಾವಾಗ? ಒಂದೇ ದಿನಾಂಕ ಹೇಳಬೇಡಿ

ಪಾರ್ಸೆಲ್ ಯಾವತ್ತು ಬರುತ್ತದೆ ಅಂತ ಈಗ ಎಐ ಲೆಕ್ಕ ಹಾಕಿ ಹೇಳುತ್ತದೆ. ಒಳ್ಳೆಯದೇ. ಆದರೆ ಆ್ಯಪ್‌ನಲ್ಲಿ ನಮಗೆ ಕಾಣೋದು "ಗುರುವಾರ ಬರುತ್ತದೆ" ಅನ್ನೋ ಒಂದೇ ಮಾತು. ನನ್ನ ತಕರಾರು ಇರೋದು ಅಲ್ಲೇ.

ಹಿಂದೆ ಹೋದ ಪಾರ್ಸೆಲ್‌ಗಳು ಯಾವ ಗೋಡೌನ್‌ನಲ್ಲಿ ಎಷ್ಟು ಹೊತ್ತಿಗೆ ಸ್ಕ್ಯಾನ್ ಆದವು, ಯಾವ ಪಿನ್‌ಕೋಡ್‌ಗೆ ಹೋದವು, ಹಬ್ಬದ ವಾರದಲ್ಲಿ ಎಷ್ಟು ತಡವಾದವು, ಇದನ್ನೆಲ್ಲ ನೋಡಿ ಯಂತ್ರ ಕಲಿಯುತ್ತದೆ. ಬೆಂಗಳೂರಿನಿಂದ ಮಂಡ್ಯದವರೆಗಿನ ಊಹೆ ಸುಲಭ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲಂತೂ ಇನ್ನೂ ಸುಲಭ. ಕಷ್ಟ ಶುರುವಾಗೋದು ಮಂಡ್ಯದಿಂದ ಹಳ್ಳಿಗೆ ಹೊರಟಾಗ. 1972ರಲ್ಲಿ ಪಿನ್‌ಕೋಡ್ ಬಂದಿದ್ದು ಕಾಗದಗಳನ್ನು ಅಂಚೆ ಕಚೇರಿವಾರು ವಿಂಗಡಿಸೋದಕ್ಕೆ, ಮನೆ ಹುಡುಕೋದಕ್ಕಲ್ಲ. ಒಂದೇ ಪಿನ್‌ಕೋಡ್‌ನಲ್ಲಿ ಎಷ್ಟೋ ಹಳ್ಳಿ. ವಿಳಾಸ ನೋಡಿದರೆ "ಮಾರಮ್ಮನ ಗುಡಿ ಹಿಂದೆ, ಹಾಲಿನ ಡೈರಿ ಪಕ್ಕ". ಅಲ್ಲಿಗೆ ಹೋಗೋ ಪಾರ್ಸೆಲ್‌ಗಳೇ ಕಡಿಮೆ, ಹಾಗಾಗಿ ಯಂತ್ರಕ್ಕೆ ಕಲಿಯೋಕೆ ಸಿಗೋ ಲೆಕ್ಕವೂ ಕಡಿಮೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಜಾಸ್ತಿ ಬಳಕೆಗೆ ಬಂದರೆ ಸ್ವಲ್ಪ ಅನುಕೂಲ ಆಗಬಹುದು. ಅದು ಸುಮಾರು 4 ಮೀಟರ್ ಚೌಕದಷ್ಟು ಜಾಗವನ್ನೂ ಅಕ್ಷರ, ಅಂಕಿ ಸೇರಿದ 10 ಚಿಹ್ನೆಗಳಲ್ಲಿ ಗುರುತಿಸುತ್ತದೆ. ಆದರೆ ಕಾವೇರಿ ಗಲಾಟೆಗೆ ರಸ್ತೆ ಬಂದ್ ಆದರೆ? 2023ರ ಸೆಪ್ಟೆಂಬರ್‌ನಲ್ಲಿ ನೋಡಿದೆವಲ್ಲ.

ಇಷ್ಟೆಲ್ಲ ಅನುಮಾನ ಇದೆ ಅಂತ ಆ ಯಂತ್ರಕ್ಕೂ ಲೆಕ್ಕ ಸಿಗುತ್ತದೆ. "ಹತ್ತರಲ್ಲಿ ಐದು ಸಲ ಗುರುವಾರದೊಳಗೆ, ಒಂಬತ್ತು ಸಲ ಶನಿವಾರದೊಳಗೆ" ಅಂತ ಹೇಳೋ ಹಾಗೆ ಅದನ್ನು ತಯಾರು ಮಾಡಬಹುದು, ಇದೇನೂ ಹೊಸ ವಿದ್ಯೆಯಲ್ಲ. ಹಾಗಿದ್ದಾಗ ಗುರುವಾರ ಅಂತ ಮಾತ್ರ ತೋರಿಸೋದು ನಂಗೆ ಮೋಸ ಅನಿಸುತ್ತದೆ. ಬೇಗ ಬರುತ್ತದೆ ಅಂದರೆ ಕೊಳ್ಳೋರು ಜಾಸ್ತಿ, ಅಷ್ಟೇ ತಾನೇ?

ಭತ್ತದ ಗದ್ದೆಗೆ ನೀರು ಕಟ್ಟಬೇಕಾದವನು ಪಂಪ್‌ಸೆಟ್ಟಿನ ಬಿಡಿಭಾಗಕ್ಕೆ ಆರ್ಡರ್ ಹಾಕಿರುತ್ತಾನೆ. ಶನಿವಾರವೂ ಆಗಬಹುದು ಅಂತ ಮೊದಲೇ ಗೊತ್ತಿದ್ದರೆ, ನಾಲ್ಕು ಕಾಸು ಜಾಸ್ತಿ ಕೊಟ್ಟು ಪೇಟೆಯಲ್ಲೇ ತರುತ್ತಿದ್ದ. ಗುರುವಾರ ನಂಬಿ ಕಾದರೆ ಪೈರು ಒಣಗುತ್ತದೆ. ಆಮೇಲೆ ಬೈಗುಳ ತಿನ್ನೋದು ಬೈಕ್‌ನಲ್ಲಿ ಬಂದ ಡೆಲಿವರಿ ಹುಡುಗ. ಆ ದಿನಾಂಕ ಕೊಟ್ಟಿದ್ದು ಅವನಲ್ಲ, ಅಲ್ವಾ?

"ಗುರುವಾರದಿಂದ ಶನಿವಾರದೊಳಗೆ" ಅಂತ ನೇರವಾಗಿ ಬರೆಯಿರಿ. ಮಂಡ್ಯದಿಂದ ಗಾಡಿ ಹೊರಟಿಲ್ಲ ಅಂದರೆ ಹೊರಟಿಲ್ಲ ಅಂತಲೇ ತಿಳಿಸಿ. ಊಹೆ ತಪ್ಪಾಯಿತು ಅಂತ ಆ ಹುಡುಗನ ದುಡ್ಡು ಮಾತ್ರ ಹಿಡಿಯಬೇಡಿ.